ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಸೋದರಮಾವ

ಮುನಿಸಿಕೊಳ್ಳುವುದರಲ್ಲಿ ನಮ್ಮ ರಾಚಪ್ಪ ಮಾವನನ್ನು ಮೀರಿಸುವವರನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ಮನೆಯಲ್ಲಿ ನಾಮಕರಣವಿರಲಿ, ಗೃಹಪ್ರವೇಶವಿರಲಿ, ಎಮ್ಮೆ ಕರು ಹಾಕಿದ್ದಕ್ಕೆ ಗಿಣ್ಣು ಕಾಸಿದ್ದೇ ಇರಲಿ, ಬಂದ ಸ್ವಲ್ಪ ಹೊತ್ತಿಗೆಲ್ಲ ಏನಾದರೊಂದು ಕೊರತೆ ಹುಡುಕಿಕೊಂಡು, ಟವೆಲನ್ನು ಹೆಗಲ ಮೇಲೆ ಫಟ್ಟನೆ ಒಗೆದು ಎದ್ದುಬಿಡುತ್ತಿದ್ದ. ಪಾಯಸ ತನಗಿಂತ ಮೊದಲು ಬೇರೆಯವರ ಎಲೆಗೆ ಬಿತ್ತು. ಮಂಡಿನೋವು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಪಕ್ಕದವನಿಗೆ ಮರದ ಕುರ್ಚಿ, ತನಗೆ ಪ್ಲಾಸ್ಟಿಕ್ಕಿನದು. ಎದ್ದವನು ನೇರವಾಗಿ ಹೋಗಿ ಹಾಲಿನ ಡೈರಿಯ ಮುಂದಿನ ಕಲ್ಲುಬೆಂಚಿನ ಮೇಲೆ, ನಮ್ಮ ಮನೆಗೆ ಬೆನ್ನು ಮಾಡಿ ಕೂರುತ್ತಿದ್ದ. ನಮ್ಮ ಮಧುವನಹಳ್ಳಿಯಲ್ಲಿ ಕೊಳ್ಳೇಗಾಲದ ಬಸ್ಸು ನಿಲ್ಲುವುದೂ ಆ ಬೆಂಚಿನ ಎದುರಿಗೇ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಮಾವ ಮಾತ್ರ ಒಂದನ್ನೂ ಹತ್ತುತ್ತಿರಲಿಲ್ಲ. ಕೊನೆಗೆ ನಮ್ಮಪ್ಪನೇ ಹೋಗಿ ಕರೆಯಬೇಕು. ಬೇರೆ ಯಾರು ಹೋದರೂ ಕೆಲಸವಾಗುತ್ತಿರಲಿಲ್ಲ.

“ಏಳಪ್ಪ ರಾಚಪ್ಪ, ಎಲೆ ಆಕವ್ರೆ.”

“ನಾನ್ ಉಣ್ಣಕ್ಕಿಲ್ಲ ಬಾವ. ಓಯ್ತೀನಿ.”

“ಓಗಂಗಿದ್ರೆ ಆಗ್ಲೇ ಬಸ್ ಬಂತಲ್ಲ, ಅತ್ಬೇಕಾಗಿತ್ತು.”

“ಅದ್ರಲ್ಲಿ ಸೀಟ್ ಇರ್ನಿಲ್ಲ.”

ಬಸ್ಸು ಖಾಲಿ ಹೋದದ್ದನ್ನು ಊರೇ ನೋಡಿರುತ್ತಿತ್ತು. ಅಪ್ಪ ಇನ್ನೆರಡು ಸಲ ಕರೆದ ಮೇಲೆ ಮಾವ ಉಪಕಾರ ಮಾಡುವವನಂತೆ ಎದ್ದು ಬಂದು, ಎಲ್ಲರಿಗಿಂತ ಒಂದು ಕೈ ಹೆಚ್ಚಾಗಿಯೇ ಉಣ್ಣುತ್ತಿದ್ದ.

ಇಷ್ಟು ಹಕ್ಕಿನಿಂದ ಮುನಿಸಿಕೊಳ್ಳುತ್ತಿದ್ದ ಈ ಮನುಷ್ಯ ನಮ್ಮವ್ವನ ಒಡಹುಟ್ಟಿದವನಲ್ಲ. ದೂರದ ನೆಂಟನೂ ಅಲ್ಲ. ಕೊಳ್ಳೇಗಾಲದಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟ್ ಆತ. “ಅನೂರ್ ಅನೂರ್ ಅನೂರ್!” ಎಂದು ಅವನು ಹನೂರಿನ ಬಸ್ಸಿಗೆ ಕೂಗಿದರೆ ಯಳಂದೂರಿಗೆ ಹೊರಟವನೂ ಒಂದು ಗಳಿಗೆ ಯೋಚನೆಗೆ ಬೀಳಬೇಕು, ಅಂಥ ಗಂಟಲು.

ಅವನು ನಮಗೆ ಮಾವನಾದ ಕಥೆಯನ್ನು ಅವ್ವ ಎಷ್ಟು ಸಲ ಹೇಳಿದ್ದಾಳೆಂದರೆ ನನಗೇ ಕಣ್ಣಾರೆ ಕಂಡಂತಿದೆ. ಅವ್ವ ಬಂಡಳ್ಳಿಯವಳು, ಒಬ್ಬಳೇ ಮಗಳು. ನಾನು ಹುಟ್ಟುವ ಹೊತ್ತಿಗೆ ಅಜ್ಜ ಅಜ್ಜಿ ಇಬ್ಬರೂ ಹೋಗಿದ್ದರು. ಅವರ ಮನೆಗೆ ಅವ್ವನ ಚಿಕ್ಕಪ್ಪನ ಮಗ ಗುರುಮಲ್ಲಪ್ಪ ಸೇರಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದ. ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುತ್ತಿದ್ದವನಿಗೆ ಅಕ್ಕ ಸತ್ತಿದ್ದಾಳೋ ಬದುಕಿದ್ದಾಳೋ ಎಂದು ವಿಚಾರಿಸಲು ಪುರಸೊತ್ತಿರಲಿಲ್ಲ. ಮಾದಪ್ಪನ ಬೆಟ್ಟದಲ್ಲಿ ನನಗೆ ಕಿವಿ ಚುಚ್ಚಿಸುವುದೆಂದಾಯಿತು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕಲ್ಲ? ಬೇರೆ ದಿಕ್ಕಿಲ್ಲದೆ ಅವ್ವ ಗುರುಮಲ್ಲಪ್ಪನಿಗೇ ಹೇಳಿ ಕಳಿಸಿದ್ದಳು.

ಮಾದಪ್ಪನ ಬೆಟ್ಟದ ಬಸ್ಸು ನಮ್ಮೂರ ಮೇಲೇ ಹೋಗುತ್ತದೆ. ಆದರೂ ಸೀಟು ಸಿಗಲೆಂದು ಹಿಂದಕ್ಕೆ ಕೊಳ್ಳೇಗಾಲಕ್ಕೆ ಹೋಗಿ ಹತ್ತುವುದು ನಮ್ಮವರ ಜಾಣತನ. ಹಾಗೆ ಹತ್ತಲು ಹೋದಾಗ, ಅಲ್ಲಿಗೇ ಬರಬೇಕಿದ್ದ ಗುರುಮಲ್ಲಪ್ಪನ ಬದಲು ಅವನ ಊರಿನವನೊಬ್ಬ ಸಿಕ್ಕಿ, “ಉಳ ಅಣ್ಣಾಗವಂತೆ, ಬರಕ್ಕಾಗಕ್ಕಿಲ್ವಂತೆ” ಎಂದು ಹೇಳಿ ಹೋದ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಬಿಟ್ಟು ಬರುವಂತಿಲ್ಲ ಎಂದರ್ಥ. ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಇಂಥದ್ದಕ್ಕೇ ಕಾದಿದ್ದವಳು. “ತವ್ರಿಲ್ದೋಳ್ನ ತಂದ್ರೆ ಇದೇಯ ಪಾಡು. ಸೋದರ್ಮಾವನ ತೊಡೆ ಇಲ್ದೆ ಚುಚ್ಚುಸುದ್ರೆ ಕೂಸು ಕಿವುಡಾಯ್ತದೆ” ಎಂದು ನಿಂತ ನಿಲುವಿನಲ್ಲೇ ಒಂದು ಶಾಸ್ತ್ರ ಹುಟ್ಟಿಸಿದಳು. ಅವ್ವ ನನ್ನನ್ನು ತಬ್ಬಿಕೊಂಡು ಬಸ್ಸಿನ ಮೆಟ್ಟಿಲ ಬಳಿಯೇ ಗೊಳೋ ಎಂದು ಅತ್ತಳು. ಹತ್ತುವ ಜನಕ್ಕೆ ದಾರಿ ಕಟ್ಟಿತು. ಏಜೆಂಟ್ ರಾಚಪ್ಪ ಬಂದ. ಕನಿಕರದಿಂದಲ್ಲ, ಬಸ್ಸು ತಡವಾಗುತ್ತದೆಂದು.

“ಏನವ್ವ ನಿನ್ ಗೋಳು?”

ದೊಡ್ಡತ್ತೆಯೇ ಎಲ್ಲವನ್ನೂ ಬಣ್ಣಿಸಿದಳು. ರಾಚಪ್ಪ ಪೂರಾ ಕೇಳಿ, “ಅಯ್ಯ, ಬೇಕಾಗಿರಾದು ಒಂದ್ ತೊಡೆ ತಾನೆ? ನಂಗೆ ಎಲ್ಡ್ ಅವೆ. ಅತ್ತವ್ವ ಮೊದ್ಲು” ಎಂದು, ಕೂಗುವ ಕೆಲಸವನ್ನು ಟೀ ಅಂಗಡಿಯ ಮಾದೇಶನಿಗೆ ಒಪ್ಪಿಸಿ ತಾನೂ ಹತ್ತಿಬಿಟ್ಟ. ಬೆಟ್ಟದಲ್ಲಿ ಅವನ ತೊಡೆಯ ಮೇಲೆಯೇ ನನ್ನ ಕಿವಿ ಚುಚ್ಚಿದರು. ನಾನು ಕಿರುಚಿ, ಅವನ ಪಂಚೆಯನ್ನು ಚೆನ್ನಾಗಿ ಒದ್ದೆ ಮಾಡಿದೆನಂತೆ. ನೆಂಟಸ್ತನಕ್ಕೆ ಧಾರೆ ಎರೆದದ್ದು ನಾನೇ ಎಂದಾಯಿತು.

ವಾಪಸು ಬರುವಾಗ ಅಪ್ಪ ಮೆಲ್ಲಗೆ, “ತಾವು ಯಾವ ಪೈಕಿ?” ಎಂದು ವಿಚಾರಿಸಿದ. “ಬಸ್ಟ್ಯಾಂಡ್ ಪೈಕಿ ಕಣ್ರಿ” ಎಂದ ರಾಚಪ್ಪ. ಅದಕ್ಕಿಂತ ಹೆಚ್ಚಿನ ಉತ್ತರ ಯಾರಿಗೂ ಕೊನೆಯವರೆಗೂ ಸಿಗಲಿಲ್ಲ. ಒಂದು ದಿನದ ತೊಡೆ ಅಲ್ಲಿಗೆ ಮುಗಿಯಿತು ಎಂದು ಅಪ್ಪ ತಿಳಿದಿದ್ದ. ದೀಪಾವಳಿಗೆ ರಾಚಪ್ಪ ಮನೆ ಹುಡುಕಿಕೊಂಡು ಬಂದ. “ತಂಗಿ ಮನೆ ಅಬ್ಬಕ್ಕೆ ಕರೀಲಿಲ್ಲ” ಎಂದು ಬಾಗಿಲಲ್ಲೇ ಮುನಿಸಿಕೊಂಡ. ಅದು ಮೊದಲನೆಯ ಮುನಿಸು.

ಬರಿಗೈಯಲ್ಲಿ ಬರುತ್ತಿರಲಿಲ್ಲ ಎನ್ನಿ. ಬಸ್ಸಿನಲ್ಲಿ ಜನ ಮರೆತು ಹೋದ, ಯಾರೂ ಕೇಳಿಕೊಂಡು ಬಾರದ ಸಾಮಾನುಗಳೆಲ್ಲ ನಮಗೆ ಉಡುಗೊರೆಯಾಗಿ ಬರುತ್ತಿದ್ದವು. ಅಪ್ಪನಿಗೆ ಹಿಡಿಯ ಮೇಲೆ ಇನ್ಯಾರದೋ ಹೆಸರು ಕೆತ್ತಿದ ಕೊಡೆ. ನನಗೆ ಬೇರೆ ಶಾಲೆಯ ಟಿಫನ್ ಡಬ್ಬಿ. ದೊಡ್ಡತ್ತೆಗೆ ಒಮ್ಮೆ ಒಂದು ಹಲ್ಲಿನ ಸೆಟ್ಟು ತಂದು, “ಆಕ್ ನೋಡಕ್ಕ, ಆದ್ರಾಯ್ತದೆ” ಎಂದ. ದೊಡ್ಡತ್ತೆ ಅವನನ್ನು ಅಟ್ಟಿಸಿಕೊಂಡು ಬೀದಿಯ ತನಕ ಹೋದಳು.

ದೊಡ್ಡತ್ತೆಗೂ ಅವನಿಗೂ ಕೊನೆಯತನಕ ನಡೆದದ್ದು ಒಂದೇ ವಾದ. “ಎಷ್ಟೇ ಆಗ್ಲಿ ರಕ್ತ ಸಂಬಂಧ ಆದೀತ?” ಎಂದು ಅವಳು ಕೆಣಕುವುದು. “ರಕ್ತ ರಕ್ತ ಅಂತೀಯಲ್ಲಕ್ಕ, ಅಂಗಾರೆ ಸೊಳ್ಳೆ ನಿಂಗೆ ಏನಾಗ್ಬೇಕು?” ಎಂದು ಅವನು ಕೇಳುವುದು. ಇಷ್ಟೇಕೆ ಮುನಿಸಿಕೊಳ್ಳುತ್ತೀಯ ಎಂದು ನಾನೇ ಒಮ್ಮೆ ಕೇಳಿದ್ದೆ. “ಮುನಿಸ್ಕಳ್ದೆ ಉಂಡ್ಕಂಡ್ ಓಗೋನು ಗಿರಾಕಿ ಕಣ್ ಕೂಸೆ. ಓಟ್ಲಿಗೂ ಅವ್ನಿಗೂ ಏನ್ ಸಂಬಂಧ?” ಎಂದಿದ್ದ. ಆಗ ನಕ್ಕಿದ್ದೆ. ಅದು ಎಷ್ಟು ನಿಜವೆಂದು ತಿಳಿದದ್ದು ನನ್ನ ಮದುವೆಯಲ್ಲಿ.

ನನ್ನನ್ನು ಯಳಂದೂರಿಗೆ ಕೊಟ್ಟರು. ಮದುವೆಯೂ ಅಲ್ಲಿನ ಚೌಲ್ಟ್ರಿಯಲ್ಲೇ. ಹೆಣ್ಣನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ರಾಚಪ್ಪ ಮಾವ ವಾರದಿಂದ ಗಡ್ಡ ಬಿಟ್ಟು, ಆ ದಿನ ಬೆಳಿಗ್ಗೆ ನುಣ್ಣಗೆ ಹೆರೆಸಿಕೊಂಡು, ಬಿಳಿ ಪಂಚೆಯುಟ್ಟು ಸಿದ್ಧವಾಗಿದ್ದ. ಅಷ್ಟರಲ್ಲಿ ಗುರುಮಲ್ಲಪ್ಪ ಬಂದ. ಅಷ್ಟು ವರ್ಷ ಮುಖ ತೋರಿಸದವನು ಜರಿ ಪೇಟ ಸುತ್ತಿ, ಬೆರಳಿಗೆ ದಪ್ಪ ಉಂಗುರ ಹಾಕಿ, “ಎಲ್ಲಿ ನಮ್ ಕೂಸು? ಕರ್ಕಂಡ್ ಬತ್ತೀನಿ” ಎಂದು ಮುಂದೆ ನಿಂತ. ಆಗ ಅವನು ಪಂಚಾಯ್ತಿ ಚುನಾವಣೆಗೆ ನಿಂತಿದ್ದ. ನಮ್ಮ ಕಡೆಯ ಜನವೆಲ್ಲ ಒಂದೇ ಕಡೆ ಸಿಗುತ್ತಾರೆಂದು ಬಂದಿದ್ದಾನೆಂಬುದು ಮೂಗಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. ಗಂಡಿನ ಕಡೆಯ ಹಿರಿಯರಿಗೆ ಮಾತ್ರ ಪೇಟ ಹಿಡಿಸಿತು. “ಸ್ವಂತದೋರೇ ಬಂದವ್ರಲ್ಲ, ಅವ್ರೇ ಕರ್ಕಂಡ್ ಬರ್ಲಿ” ಎಂದರು. ಅಪ್ಪ ಬೀಗರ ಮಾತಿಗೆ ತಲೆಯಾಡಿಸಿಬಿಟ್ಟ.

ನಾನು ರಾಚಪ್ಪ ಮಾವನ ಟವೆಲಿನ ಫಟ್ ಶಬ್ದಕ್ಕೆ ಕಾದೆ. ಅವನ ಹಕ್ಕಿಗೇ ಕೈಹಾಕಿದ್ದಾರೆ, ಇನ್ನು ಚೌಲ್ಟ್ರಿಯ ಹೆಂಚು ಹಾರುತ್ತದೆ ಎಂದುಕೊಂಡೆ. ಮಾವ ಮಾತ್ರ “ಆಯ್ತು ಬುಡಿ, ಒಳ್ಳೇದೇ ಆಯ್ತು” ಎಂದು ನಕ್ಕು, ಪಂಚೆ ಎತ್ತಿಕಟ್ಟಿ, ಊಟದ ಹಾಲಿಗೆ ಹೋಗಿ ಸಾರಿನ ಬಕೆಟ್ ಹಿಡಿದ.

ಅವ್ವನಿಗೆ ಯಾರೋ ಹೋಗಿ ಹೇಳಿದರು. ಅವಳ ಮುಖ ಬಿಳಿಚಿಕೊಂಡಿತು. “ಮುನಿಸ್ಕಂಡಿಲ್ವಾ?” ಎಂದು ಎರಡು ಸಲ ಕೇಳಿದಳು. ಆಮೇಲೆ ಸೆರಗು ಸಿಕ್ಕಿಸಿ ಓಡಿದಳು. ಹಸೆಗೆ ಕೂರಬೇಕಾದ ನಾನೂ ಬಾಸಿಂಗ ಹಿಡಿದುಕೊಂಡು ಹಿಂದೆಯೇ ಓಡಿದೆ. ಊಟದ ಹಾಲಿನಲ್ಲಿ ಅವ್ವ ಬಕೆಟ್ ಕಿತ್ತು ಕೆಳಗಿಟ್ಟಳು.

“ಯಾಕಣ್ಣ ಸುಮ್ಕಿದ್ದೀಯೆ? ಮುನಿಸ್ಕೊ!”

“ಇರ್ಲಿ ಬುಡವ್ವ. ಸ್ವಂತದೋನು ಬಂದವ್ನೆ. ನಾನ್ ಯಾವನು?”

“ಯಾವನಾ? ಇಷ್ಟ್ ವರ್ಷ ಪಾಯ್ಸಕ್ಕೆ ಮುನಿಸ್ಕಂಡೆ, ಕುರ್ಚಿಗೆ ಮುನಿಸ್ಕಂಡೆ. ಇವತ್ ನನ್ನೇ ಬುಟ್ಟು ಓಯ್ತಿದ್ದೀಯಲ್ಲ, ಸಾರು ಬಡಿಸ್ಕಂಡು! ಮೊದ್ಲು ಎದ್ದೋಗು ಆಚ್ಗೆ. ಓಗಿ ಕೂತ್ಕೊ. ಬಂದು ಕರಿತೀನಿ.”

ಸಾರಿಗಾಗಿ ಅನ್ನ ಗುಂಡಿ ಮಾಡಿಕೊಂಡು ಕೂತಿದ್ದವರೆಲ್ಲ ಹಾಗೇ ನೋಡುತ್ತಿದ್ದರು. ಮಾವ ಅತ್ತ ಇತ್ತ ನೋಡಿದ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಒಗೆದು, ದಾಪುಗಾಲಿಟ್ಟು ಹೊರಗೆ ಹೋಗಿ ಎದುರಿನ ಬೇಕರಿಯ ಬೆಂಚಿನ ಮೇಲೆ ಚೌಲ್ಟ್ರಿಗೆ ಬೆನ್ನು ಮಾಡಿ ಕೂತ. ಅವ್ವ ಓಲಗದವರನ್ನು ಎಬ್ಬಿಸಿದಳು. ಓಲಗ ಮುಂದೆ, ಅಪ್ಪ ಅವ್ವ ನಾನು ಹಿಂದೆ, ನಮ್ಮ ಹಿಂದೆ ಏನೂ ಅರ್ಥವಾಗದ ಬೀಗರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದರು. ಮಾವ ಒಂದು ಕರೆಗೆ ಏಳಲಿಲ್ಲ. ಅಪ್ಪ ಎಲ್ಲರೆದುರು ಕೈಮುಗಿದು, “ಏಳು ಬಾಮೈದ, ಮರ್ಯಾದಿ ಕಳೀಬ್ಯಾಡ” ಎಂದ ಮೇಲೆಯೇ ಎದ್ದು ಬಂದು ನನ್ನ ಕೈಹಿಡಿದ. ಗುರುಮಲ್ಲಪ್ಪನಿಗೆ ಮಂಟಪದಲ್ಲಿ ಒಳ್ಳೆಯ ಕುರ್ಚಿ ಕೊಟ್ಟೆವು. ಅವನು ಮುನಿಸಿಕೊಳ್ಳದೆ ಉಂಡು ಹೋದ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಖಾಸಗಿ ಬಸ್ಸಿಗೆ ಕೂಗುವ ಗಂಟಲಿಗೆ ಕೆಲಸ ಕಡಿಮೆಯಾಯಿತು. ಮಾವ ದಿನವೂ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಮೊನ್ನೆ ಬೇಸಿಗೆಯಲ್ಲಿ ನಾನು ಅವ್ವನ ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಟೀ ಅಂಗಡಿಯ ಮಾದೇಶ ಅವ್ವನಿಗೆ ಫೋನ್ ಮಾಡಿದ. ಮಾವ ತನ್ನ ಬಾಡಿಗೆ ರೂಮಿನಲ್ಲಿ ಮಲಗಿದ್ದವನು ಏಳಲಿಲ್ಲ. ಅವ್ವ ದಾರಿಯುದ್ದಕ್ಕೂ ಅತ್ತಳು. “ಇವತ್ತಿಗೆ ನನ್ ತವ್ರು ಮುಳುಗ್ತು” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ರೂಮಿನ ಮುಂದೆ ನಾವು ಇಳಿದಾಗ ಒಳಗಿನಿಂದ “ಅಣ್ಣಾ” ಎಂಬ ಗೋಳು ಕೇಳಿಸಿತು. ಒಂದಲ್ಲ, ಹಲವು. ಹನೂರಿನಲ್ಲಿ ಮೆಸ್ಸು ನಡೆಸುವ ಪುಟ್ಟತಾಯಮ್ಮ ಎಂಬವಳು, ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದವಳೊಬ್ಬಳು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅಳುತ್ತಿದ್ದ ಗಡಿ ಕಡೆಯವಳೊಬ್ಬಳು, ಇನ್ನೂ ಯಾರ್ಯಾರೋ. ಅವ್ವನ ಅಳು ಥಟ್ಟನೆ ನಿಂತಿತು.

“ಇವ್ರೆಲ್ಲ ಯಾರ್ಲಾ ಮಾದೇಸ?”

“ಎಲ್ರೂ ತಂಗ್ಯಮ್ಮಂದ್ರೇ ಕಣಕ್ಕ. ನಿಮ್ಮಂಗೇ ಬಸ್ಟ್ಯಾಂಡಲ್ ಅಳ್ತಾ ಸಿಕ್ದೋರು.”

ಹೊಟ್ಟೆಕಿಚ್ಚು ಸಾವಿನ ಮನೆಯನ್ನೂ ನೋಡುವುದಿಲ್ಲ. “ನನ್ ಮಗಳ ಮದ್ವೇಲಿ ಓಲಗ ಊದುಸಿ ಕರ್ದಿದ್ದೆ ಅಣ್ಣನ್ನ” ಎಂದು ಅವ್ವ ಯಾರೂ ಕೇಳದಿದ್ದರೂ ಹೇಳಿದಳು. “ನಮ್ಮನೇಲಿ ಜೀಪ್ ಕಳ್ಸುದ್ರೇ ಬರಾದು ಅಂತ ಕೂತಿದ್ದ” ಎಂದಳು ಪುಟ್ಟತಾಯಮ್ಮ. ಹೂಳಲು ತೆಗೆದ ಗುಣಿಯ ಹತ್ತಿರ, ಅದನ್ನು ಅಗೆದ ಮುದುಕ “ಅತ್ರದೋರು ಬಂದು ಮೊದ್ಲು ಮಣ್ ಆಕಿ” ಎಂದದ್ದೇ ತಡ, ಅಷ್ಟೂ ಹೆಂಗಸರು ಒಟ್ಟಿಗೆ ನುಗ್ಗಿದರು. ಅವ್ವ ಪುಟ್ಟತಾಯಮ್ಮನನ್ನು ಮೊಣಕೈಯಲ್ಲಿ ತಿವಿದದ್ದನ್ನು ನಾನು ನೋಡಿದೆ. ಪುಟ್ಟತಾಯಮ್ಮ ತಿರುಗಿ ತಿವಿದಳು.

ಗೌರಿ ಹಬ್ಬ ಬಂತು, ನಾನೂ ಅವ್ವನ ಮನೆಗೆ ಬಂದೆ. ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರುವ ಹಬ್ಬ. ಅವ್ವ ಬೆಳಿಗ್ಗೆಯಿಂದ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಮಧ್ಯಾಹ್ನ ಫೋನ್ ಎತ್ತಿಕೊಂಡು ಪುಟ್ಟತಾಯಮ್ಮನಿಗೆ, “ನಿಂಗೂ ಯಾರೂ ಬಂದಿರಕ್ಕಿಲ್ಲ ಅಲ್ವ?” ಎಂದು ಜಗಳ ಕಾಯುವ ದನಿಯಲ್ಲಿ ಕೇಳಿದಳು. ಆ ಕಡೆಯಿಂದ ಏನು ಉತ್ತರ ಬಂತೋ ಕಾಣೆ. ಮಾರನೆಯ ದಿನ ಅಷ್ಟೂ ಜನ ಪುಕ್ಕಟೆ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿಳಿದರು. ಉಂಡರು, ಅಣ್ಣನನ್ನು ಬೈದರು, ಅತ್ತರು, ಮತ್ತೆ ಉಂಡರು.

ಹೊರಡುವಾಗ ಅವ್ವ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಸೆರಗೊಡ್ಡಿಸಿ, ಅಕ್ಕಿ ಬೆಲ್ಲ ಕೊಬ್ಬರಿ ಹಾಕಿ ಮಡಿಲು ತುಂಬಿದಳು. ಗಂಡ ಇದ್ದವಳು, ಇಲ್ಲದವಳು ಎಂದು ನೋಡಲಿಲ್ಲ. ತವರಿನಿಂದ ಹೊರಟ ಹೆಣ್ಣನ್ನು ಹಾಗೆ ಕಳಿಸಬೇಕೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಸತ್ತ ಮೇಲೆ ಅವಳಿಗೆ ಮಾತ್ರ ಯಾರೂ ತುಂಬಿರಲಿಲ್ಲ. ಅದು ಹೆಂಗಸರು ಮಾಡುವ ಶಾಸ್ತ್ರ, ರಾಚಪ್ಪ ಮಾವನ ಕೈಲಾಗುವುದಲ್ಲ.

ಬಾಗಿಲ ತನಕ ಹೋಗಿದ್ದ ಪುಟ್ಟತಾಯಮ್ಮ ತಿರುಗಿ ಬಂದಳು. “ನಿಂಗ್ಯಾರೆ ತುಂಬಾರು? ಕೂತ್ಕೊ.”

“ಇದ್ ನನ್ ಗಂಡನ್ ಮನೆ ಕಣಕ್ಕ. ಇಲ್ಲೇ ತುಂಬುಸ್ಕಂಡು ಇಲ್ಲೇ ಇರಾದ?”

“ಕೂತ್ಕೊ ಅಂದ್ರೆ ಕೂತ್ಕೊ.”

ಅವ್ವ ಕೂತು ಸೆರಗೊಡ್ಡಿದಳು. ಒಬ್ಬೊಬ್ಬರೂ ತಮ್ಮ ಮಡಿಲಿನಿಂದ ಬೊಗಸೆ ಅಕ್ಕಿ ತೆಗೆದು ಅವಳ ಮಡಿಲಿಗೆ ಹಾಕಿದರು. ಅವರನ್ನೆಲ್ಲ ಬಸ್ಸು ಹತ್ತಿಸಿ ಬಂದರೂ ಅವ್ವ ಮಡಿಲು ಹಿಡಿದುಕೊಂಡೇ ನಡುಮನೆಯಲ್ಲಿ ನಿಂತಿದ್ದಳು. ಅಪ್ಪ ಕೈಚಾಚಿ, “ನಮ್ ಮೂಟೆ ಅಕ್ಕಿನೇ ತಾನೆ, ಕೊಡು, ಮೂಟೆಗೇ ಸುರೀತೀನಿ” ಎಂದ.

ಅವ್ವ ಸೆರಗನ್ನು ಎದೆಗೆ ಒತ್ತಿಕೊಂಡಳು.

“ಮುಟ್ಬ್ಯಾಡಿ. ಇದ್ ನಮ್ ತವ್ರ ಅಕ್ಕಿ.”