ಕಪ್ಪು ಅಂಚಿನ ಗಾಜು

ನನ್ನ ಮೇಜಿನ ಮೇಲೆ ಈಗ ಒಂದು ಗಾಜು ಇದೆ. ಫೋಟೊದ ಕಟ್ಟಿನಿಂದ ಬಿಚ್ಚಿ ತೆಗೆದದ್ದು, ದೊಡ್ಡ ಪುಸ್ತಕದಷ್ಟು ಅಗಲ. ಹೋದ ತಿಂಗಳು ನಮ್ಮೂರ ಹೈಸ್ಕೂಲಿಗೆ ಸುಣ್ಣ ಬಳಿಯುವಾಗ ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ಇಳಿಸಿದ್ದರು. ಅದರಲ್ಲಿ ಒಂದರ ಹಿಂದಿನ ಹಲಗೆಯನ್ನು ಗೆದ್ದಲು ತಿಂದಿತ್ತು. ಫೋಟೊ ನಿಮ್ಮಲ್ಲೇ ಇರಲಿ, ಗಾಜು ನನಗೆ ಕೊಡಿ ಎಂದು ಈಗಿನ ಹೆಡ್‌ಮಾಸ್ಟರನ್ನು ಕೇಳಿದೆ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು, ಪೇಪರಿನಲ್ಲಿ ಸುತ್ತಿ ಕೊಟ್ಟರು. ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಾಜೆಲ್ಲ ತಿಳಿಯಾಯಿತು. ಒಂದು ಅಂಚಿನಲ್ಲಿ ಮಾತ್ರ, ಕಟ್ಟಿನ ಮರದೊಳಗೆ ಅಡಗಿದ್ದ ಜಾಗದಲ್ಲಿ, ಉಗುರಿನಷ್ಟು ಅಗಲದ ಕಪ್ಪು ಪಟ್ಟಿ ಹಾಗೇ ಉಳಿಯಿತು. ಅದು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅರವತ್ತು ವರ್ಷಗಳ ಹಿಂದೆಯೇ ಮೂರ್ನಾಡಿನ ಫೋಟೊದವರು ಅದನ್ನು ನನಗೆ ತೋರಿಸಿದ್ದರು...

ಅವರ ಸ್ಟುಡಿಯೊ ಪೇಟೆಯ ಒಂದು ಜವಳಿ ಅಂಗಡಿಯ ಹಿಂದುಗಡೆ ಇತ್ತು. ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿಸಿಕೊಂಡು, ಕರೆಂಟಿನ ಹಂಗಿಲ್ಲದೆ ಸೂರ್ಯನನ್ನೇ ನಂಬಿ ಅಂಗಡಿ ನಡೆಸುತ್ತಿದ್ದರು. ಒಳಗೆ ಕಾಲಿಟ್ಟರೆ ಹುಳಿ ಬಂದ ಏನೋ ಮದ್ದಿನ ವಾಸನೆ. ಆ ಮದ್ದಿನಲ್ಲಿ ಅದ್ದಿ ಅದ್ದಿ ಅವರ ಬೆರಳುಗಳು ಕಂದಾಗಿದ್ದವು. ಘಟ್ಟದ ಕೆಳಗೆ ತಲಚೇರಿ ಕಡೆಯಿಂದ ಬಂದವರು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮಲಯಾಳದಲ್ಲಿ ಮುಗಿಸುವವರು. ನಮ್ಮಂಥ ಹುಡುಗಿಯರಿಗೆಲ್ಲ ಅವರು ಕರೆಯುವುದು ಮೋಳೆ, ಅಂದರೆ ಮಗಳೇ. ಫೋಟೊ ತೆಗೆಸಿಕೊಳ್ಳಲು ಬಂದವರಿಗೆ ನಗಿ ಎಂದು ಹೇಳಿದ್ದನ್ನು ಯಾರೂ ಕೇಳಿಲ್ಲ.

ಕೊಡಗು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಮೊದಲಾದರೆ ಶಾಲೆಯ ಕೆಲಸ ಮಡಿಕೇರಿಯಲ್ಲೇ ಮುಗಿಯುತ್ತಿತ್ತು. ಅಲ್ಲಿಯ ಸಾಹೇಬರಿಗೆ ನಮ್ಮೂರ ಹೊಳೆ ಗೊತ್ತು, ಅದನ್ನು ದಾಟುವ ಮರದ ಪಾಲ ಗೊತ್ತು, ನಮ್ಮ ಮಾಸ್ತರರ ಕೆಮ್ಮೂ ಗೊತ್ತು. ಈಗ ಕಾಗದವೆಲ್ಲ ಬೆಂಗಳೂರಿಗೆ ಹೋಗಬೇಕಾಗಿತ್ತು. ನಮ್ಮ ಶಾಲೆ ಇದ್ದದ್ದು ಏಳನೆಯ ಕ್ಲಾಸಿನವರೆಗೆ. ಮುಂದೆ ಓದಬೇಕಾದರೆ ಮಡಿಕೇರಿಯಲ್ಲಿ ಯಾರದಾದರೂ ಮನೆಯಲ್ಲಿ ಇರಬೇಕು. ಗಂಡುಮಕ್ಕಳು ಹೋಗುತ್ತಿದ್ದರು, ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ನಾನು ಆಗ ಏಳನೆಯ ಕ್ಲಾಸು. ಪರೀಕ್ಷೆ ಮುಗಿದರೆ ನನ್ನ ಓದೂ ಮುಗಿದ ಹಾಗೆ. ಸೋದರತ್ತೆ ಆಗಲೇ ತನ್ನ ಮಗನ ಮಾತು ತೆಗೆದಿದ್ದಳು.

ಹೈಸ್ಕೂಲು ಕೊಡಿ ಎಂದು ಬರೀ ಅರ್ಜಿ ಹಾಕಿದರೆ ಬೆಂಗಳೂರಿನವರಿಗೆ ಏನು ಕಾಣುತ್ತದೆ, ಫೋಟೊಗಳನ್ನೂ ಕಳಿಸೋಣ ಎಂದದ್ದು ನಮ್ಮ ಮಾಸ್ತರರು. ಊರಿನವರನ್ನು ಕೂರಿಸಿ ಯಾಕೆ ಹೈಸ್ಕೂಲು ಬೇಕು ಎಂದು ಕೇಳುವುದು, ಅವರ ಫೋಟೊ ತೆಗೆಯುವುದು, ಅದರ ಕೆಳಗೆ ಅವರು ಹೇಳಿದ ಮಾತು ಬರೆಯುವುದು. ಶಾಲಾ ಕಮಿಟಿಯ ಅಧ್ಯಕ್ಷರಿಗೆ ಇದು ಹಿಡಿಸಿತು. ಅವರು ದೊಡ್ಡ ಎಸ್ಟೇಟಿನ ಯಜಮಾನರು, ಶಾಲೆಗೆ ಜಾಗ ಬಿಟ್ಟುಕೊಟ್ಟವರು. ನನ್ನ ಅಪ್ಪ ಅವರ ಎಸ್ಟೇಟಿನಲ್ಲೇ ಲೆಕ್ಕ ಬರೆಯುವ ರೈಟರ್. ಖರ್ಚು ನನ್ನದು ಎಂದು ಅಧ್ಯಕ್ಷರು ಹೇಳಿದ ಮೇಲೆ ಮೂರ್ನಾಡಿಗೆ ಜನ ಹೋಯಿತು.

ಆ ದಿನ ಬೆಳಿಗ್ಗೆ ಫೋಟೊದವರು ಮರದ ಕ್ಯಾಮರಾ, ಫೋಟೊ ಮೂಡುವ ಗಾಜಿನ ಪ್ಲೇಟುಗಳ ಪೆಟ್ಟಿಗೆ ಹೊರಿಸಿಕೊಂಡು ಬಂದು ನೋಡಿದರೆ ಶಾಲೆಯ ಅಂಗಳದಲ್ಲಿ ಮದುವೆಮನೆ. ಫೋಟೊ ಎಂದರೆ ಇದ್ದುದರಲ್ಲಿ ಒಳ್ಳೆಯದನ್ನು ಉಡುವುದು ನಮ್ಮ ಕಡೆಯ ಪದ್ಧತಿ, ಇಲ್ಲದವರು ಎರವಲು ತಂದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ. ಎಸ್ಟೇಟಿನ ಕೂಲಿ ಲೈನಿನ ಮಕ್ಕಳ ಕಾಲಿನಲ್ಲೂ ಯಾರದೋ ಬೂಟು ಇತ್ತು. ಅಧ್ಯಕ್ಷರು ರೇಷ್ಮೆಯ ನಡುಪಟ್ಟಿ ಕಟ್ಟಿ, ಪೀಚೆಕತ್ತಿ ಸಿಕ್ಕಿಸಿ, ಕಾರಿನ ಪಕ್ಕ ನಿಂತಿದ್ದರು. ನಾನೂ ಚಿಕ್ಕಮ್ಮನ ಸರ ಹಾಕಿಕೊಂಡು ಮೆರೆಯುತ್ತಿದ್ದೆ.

ಫೋಟೊದವರು ಎಲ್ಲರನ್ನೂ ಒಮ್ಮೆ ನೋಡಿ, ಹೀಗೆ ತೆಗೆದರೆ ಇವರಿಗೆ ಎಂತಕ್ಕೆ ಸರಕಾರದ ಹೈಸ್ಕೂಲು ಎಂದು ಆಫೀಸರ್ ಕೇಳುವುದಿಲ್ಲವಾ ಎಂದು ಮೆಲ್ಲಗೆ ಹೇಳಿದರು. ನಾವೇನು ಭಿಕ್ಷೆ ಬೇಡುತ್ತಿಲ್ಲ, ಊರಿನ ಮಾನ ನೋಡಬೇಕು ಎಂದರು ಅಧ್ಯಕ್ಷರು. ಮಾಸ್ತರರು ಇಬ್ಬರಿಗೂ ಹೌದೆಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅಧ್ಯಕ್ಷರ ಮಾತು ಈಗ ಯೋಚಿಸಿದರೆ ಪೂರಾ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಹರಕು ಬಟ್ಟೆ ತೋರಿಸಿ ಶಾಲೆ ಕೇಳುವುದು ಯಾರಿಗೆ ಇಷ್ಟ? ಫೋಟೊದವರೂ ಹರಕು ಕೇಳಿರಲಿಲ್ಲ. ಅವರು ಬೇರೆ ಏನನ್ನೋ ಹುಡುಕುತ್ತಿದ್ದರು.

ಮಧ್ಯಾಹ್ನದವರೆಗೆ ಹೇಳಿದ್ದನ್ನೆಲ್ಲ ತೆಗೆದರು. ದೂರದಿಂದ ಇಡೀ ಶಾಲೆ, ಮೆಟ್ಟಿಲ ಮೇಲೆ ಕಮಿಟಿ, ಕಾರಿನ ಪಕ್ಕ ಅಧ್ಯಕ್ಷರು. ಕೊನೆಗೆ ಒಂದು ಪ್ಲೇಟು ಉಳಿದಿದೆ, ಒಳಗೆ ತೆಗೆಯುತ್ತೇನೆ ಎಂದು ಏಳನೆಯ ಕ್ಲಾಸಿಗೆ ಬಂದರು. ಅಲ್ಲಿ ಅವ್ವ ಬಂದವರಿಗೆಲ್ಲ ಕಾಫಿ ಕೊಟ್ಟು ಲೋಟ ಎತ್ತಿಡುತ್ತಿದ್ದಳು. ರೈಟರ ಹೆಂಡತಿ ಎಂದು ಅಧ್ಯಕ್ಷರೇ ಆ ಕೆಲಸಕ್ಕೆ ಕರೆಸಿದ್ದರು. ಉಟ್ಟದ್ದು ದಿನದ ಸೀರೆ. ಕೂತ್ಕೊಳ್ಳಿ ಎಂದರು ಫೋಟೊದವರು. ಅವ್ವ ನಾಚಿ ಗೋಡೆಗೆ ಒರಗಿ ನಿಂತಳು. ಅವರು ಬೆಂಚನ್ನೇ ಎಳೆದು ಕಿಟಕಿಯ ಪಕ್ಕ ಹಾಕಿ ಅವ್ವನನ್ನು ಕೂರಿಸಿದರು. ಕ್ಯಾಮರಾದ ಮೂರು ಕಾಲನ್ನೂ ಗಿಡ್ಡ ಮಾಡಿ ಅವ್ವನ ಕಣ್ಣಿನ ಮಟ್ಟಕ್ಕೆ ತಂದರು. ಆಫೀಸರ್ ಕುರ್ಚಿಯಲ್ಲಿ ಕೂತು ನೋಡುವುದಲ್ಲವಾ, ಇವರೂ ಕೂತೇ ಮಾತಾಡಲಿ ಎಂದು ಮಾಸ್ತರರಿಗೆ ವಿವರಿಸಿದರು. ಆಮೇಲೆ ಚೀಲದಿಂದ ಪಂಚೆಯಂಥ ಒಂದು ಬಿಳಿ ಮುಂಡು ತೆಗೆದು, ಬಿಡಿಸಿ ನನ್ನ ಕೈಗೆ ಕೊಟ್ಟು ಕಿಟಕಿಗೆ ಎದುರಾಗಿ ಹಿಡಿಸಿ ನಿಲ್ಲಿಸಿದರು. ಕಿಟಕಿಯ ಬೆಳಕು ಅವ್ವನ ಒಂದು ಕೆನ್ನೆಯ ಮೇಲೆ ಬೀಳುತ್ತಿತ್ತು, ಮುಂಡಿಗೆ ತಾಗಿ ವಾಪಸು ಬಂದ ಬೆಳಕು ಇನ್ನೊಂದು ಕೆನ್ನೆಗೆ.

ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿದವರು ಹೊರಗೆ ಬಂದು, ಕಿಟಕಿಯ ಒಂದು ಅಂಚೂ ಫೋಟೊದಲ್ಲಿ ಬರುತ್ತದೆ, ಬರಲಿ ಎಂದರು. ಬೆಳಕು ಎಲ್ಲಿಂದ ಬಂತೆಂದು ನೋಡುವವನಿಗೆ ತಿಳಿಯಬೇಕಂತೆ. ಪ್ಲೇಟಿನಲ್ಲಿ ಎಲ್ಲ ತಿರುಗಾಮುರುಗಾ, ಬೆಳಕು ಕಪ್ಪಾಗಿ ಬೀಳುತ್ತದೆ ಎಂದೂ ನನಗೆ ಹೇಳಿಕೊಟ್ಟರು. ಆಮೇಲೆ ಕ್ಯಾಮರಾದ ಪಕ್ಕ ನಿಂತು, ಮನೆಗೆ ಬಂದ ನೆಂಟರಂತೆ ಅವ್ವನನ್ನು ಕೇಳಿದರು.

"ಈ ಮೋಳು ಏಳನೇ ಕ್ಲಾಸ್ ಆದ್ಮೇಲೆ ಎಂತ ಮಾಡ್ತದೆ?"

ಅವ್ವ ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟಳು. "ಎಂತ ಮಾಡುದು, ಮನೇಲಿ ಕೂರುದು. ನಾನೂ ಹಂಗೇ ಕೂತದ್. ನಂಗೆ ಅಕ್ಷರ ಬಾದುಲೆ. ಇವ್ಳ್ ಓದೊಕು ತ ಆಸೆ ಉಟ್ಟು."

ನಮ್ಮ ಅರೆಭಾಷೆಯಲ್ಲಿ ಅಷ್ಟೇ ಮಾತು. ನನಗೆ ಅಕ್ಷರ ಬಾರದು, ಇವಳು ಓದಬೇಕು. ಅಪ್ಪನ ಎದುರು, ನನ್ನ ಎದುರು ಅವ್ವ ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾತು ಮುಗಿಯಿತು. ಫೋಟೊದವರು ಏನೂ ಮಾಡಲಿಲ್ಲ, ಕೈಯಲ್ಲಿ ಕ್ಯಾಮರಾದ ರಬ್ಬರಿನ ಗುಂಡು ಹಿಡಿದು ಕಾಯುತ್ತಿದ್ದರು. ಅವ್ವ ತಲೆಯೆತ್ತಿ, ಮುಂಡು ಹಿಡಿದು ನಿಂತಿದ್ದ ನನ್ನ ಕಡೆ ನೋಡಿದಳು. ಆಗ ಒತ್ತಿದರು.

ಮಾತಾಡುವಾಗ ಮುಖ ಅಲ್ಲಾಡ್ತದೆ, ಮಾತು ಮುಗಿದ ಮೇಲೆ ಒಂದು ಗಳಿಗೆ ನಿಲ್ತದೆ, ಆ ಗಳಿಗೆ ಸಾಕು ಎಂದು ಪ್ಲೇಟನ್ನು ಪೆಟ್ಟಿಗೆಗೆ ಇಡುತ್ತಾ ಹೇಳಿದರು.

ಪ್ರಿಂಟುಗಳು ಬಂದಾಗ ಅಧ್ಯಕ್ಷರು ಅವ್ವನದ್ದನ್ನು ಪಕ್ಕಕ್ಕೆ ಸರಿಸಿದರು. ಕಾಫಿ ಕೊಡಲು ಬಂದವರದ್ದನ್ನು ಕಳಿಸಿ ಊರಿನ ಮರ್ಯಾದೆ ತೆಗೆಯುವುದು ಬೇಡ ಎಂದರಂತೆ. ಅಲ್ಲೇ ಇದ್ದ ಅಪ್ಪ ಉಳಿದವನ್ನು ಎಣಿಸಿ ಲಕೋಟೆಗೆ ಹಾಕಿದ. ಉಳಿದ ಫೋಟೊಗಳು ಬೆಂಗಳೂರಿಗೆ ಹೋದವು. ಮಳೆ ಹಿಡಿಯುವ ಹೊತ್ತಿಗೆ ಉತ್ತರ ಬಂತು. ಚಿತ್ರಗಳನ್ನು ನೋಡಿದರೆ ಊರು ಅನುಕೂಲವಾಗಿದೆ, ಮಕ್ಕಳನ್ನು ಮಡಿಕೇರಿಗೆ ಕಳಿಸಬಹುದು ಎಂಬ ಅರ್ಥದ ನಾಲ್ಕು ಸಾಲು. ನಾನು ಶಾಲೆಯ ಚೀಲವನ್ನು ಅಟ್ಟಕ್ಕೆ ಹಾಕಿ ಮನೆಯಲ್ಲಿ ಕೂತೆ.

ಆ ಮಳೆಗಾಲದಲ್ಲೇ ಅವ್ವನಿಗೆ ಜ್ವರ ಬಂತು. ಹನ್ನೊಂದು ದಿನ ಮಲಗಿದಳು, ಏಳಲಿಲ್ಲ.

ಮನೆಯಲ್ಲಿ ಅವ್ವನ ಇನ್ನೊಂದು ಫೋಟೊ ಇರಲಿಲ್ಲ. ತಿಥಿಗೆ ಮುಂಚೆ ಅಪ್ಪ ನನ್ನನ್ನೂ ಕರೆದುಕೊಂಡು ಮೂರ್ನಾಡಿಗೆ ಹೋದ. ವಿಷಯ ಕೇಳಿ ಫೋಟೊದವರು ಒಳಗೆ ಹೋಗಿ ಪ್ಲೇಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಹುಡುಕಿದರು. ಎರಡನೆಯ ಸಲ ಹುಡುಕುವಾಗ ಅವರ ಕೈ ನಿಂತುಹೋಯಿತು. ಕೆಲಸ ಮುಗಿದ ಪ್ಲೇಟುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಬ್ಲೇಡಿನಲ್ಲಿ ಕೆರೆದು, ಆ ಗಾಜನ್ನು ಫೋಟೊಗಳಿಗೆ ಕಟ್ಟು ಹಾಕಲು ಬಳಸುವುದು ಅವರ ಕಸುಬಿನಲ್ಲಿ ನಡೆದು ಬಂದದ್ದು. ಮದುವೆಯ ಪ್ಲೇಟುಗಳನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಅಧ್ಯಕ್ಷರೇ ಬೇಡವೆಂದ ಪ್ಲೇಟನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಅದನ್ನೂ ಕೆರೆದುಬಿಟ್ಟಿದ್ದರು. ತೆಗೆದ ಪ್ರಿಂಟು ಒಂದೇ. ಅದನ್ನು ಆ ನಾಲ್ಕು ಸಾಲಿನ ಉತ್ತರ ಬಂದ ಮೇಲೆ ಅವರೂ ಮಾಸ್ತರರೂ ಸೇರಿ, ಅಧ್ಯಕ್ಷರಿಗೆ ತಿಳಿಸದೆ, ಕೆಳಗೆ ಅವ್ವನ ಮಾತನ್ನು ಅವ್ವ ಆಡಿದ ಹಾಗೆಯೇ ಬರೆದು ಬೆಂಗಳೂರಿಗೆ ಕಳಿಸಿಯಾಗಿತ್ತು.

"ತಪ್ಪಾಯ್ತು ರೈಟರೇ," ಎಂದರು. ಅಪ್ಪ ಪರವಾಗಿಲ್ಲ ಎಂದ. ನನಗೆ ಹಾಗನ್ನಿಸಲಿಲ್ಲ. ನನ್ನ ಅವ್ವನನ್ನು ಬ್ಲೇಡಿನಲ್ಲಿ ಕೆರೆದವರು ಎಂದು ಅವರ ಕಂದು ಬೆರಳುಗಳನ್ನೇ ನೋಡುತ್ತಾ ನಿಂತಿದ್ದೆ.

ಚಳಿಗಾಲ ಕಳೆಯುವ ಮೊದಲು ಬೆಂಗಳೂರಿನಿಂದ ಒಬ್ಬ ಆಫೀಸರು ಜೀಪಿನಲ್ಲಿ ಬಂದರು. ನೋಡಲು ನಾನೂ ಹೋಗಿದ್ದೆ. ಅವರು ಕಟ್ಟಡ ನೋಡಲಿಲ್ಲ. ನೇರವಾಗಿ ಏಳನೆಯ ಕ್ಲಾಸಿಗೆ ಹೋಗಿ ಕಿಟಕಿಯ ಪಕ್ಕ ನಿಂತರು.

"ಇಲ್ಲಿ ಕೂತಿದ್ರಲ್ಲ, ಆ ತಾಯಿ ಬರ್ಲಿಲ್ವಾ?"

ಮಾಸ್ತರರು ತಲೆ ತಗ್ಗಿಸಿದರು. ಅಪ್ಪ ಬಾಗಿಲಿನ ಹೊರಗೆ ಹೋದ. ಯಾವ ತಾಯಿ ಎಂದು ಅಧ್ಯಕ್ಷರು ಎಲ್ಲರ ಮುಖ ನೋಡುತ್ತಿದ್ದರು. ಮುಂದಿನ ಜೂನಿನಲ್ಲಿ ಎಂಟನೆಯ ಕ್ಲಾಸು ಶುರುವಾಯಿತು. ಒಂದು ವರ್ಷ ಹಿಂದೆ ಬಿದ್ದಿದ್ದ ನಾನು ಮೊದಲ ಬೆಂಚಿನಲ್ಲಿ ಕೂತೆ. ಆ ಫೋಟೊವನ್ನು ಹಿಂದಕ್ಕೆ ಕೊಡಿ ಎಂದು ಮಾಸ್ತರರು ಬರೆದುಕೊಂಡರು. ಫೈಲಿಗೆ ಸೇರಿದ್ದು ಹಿಂದಕ್ಕೆ ಬರುವುದಿಲ್ಲ ಎಂದು ಉತ್ತರ ಬಂತು.

ಹೈಸ್ಕೂಲಿಗೆ ಜಾಗ ಕೊಟ್ಟವರೆಂದು ಅಧ್ಯಕ್ಷರ ಫೋಟೊ ಹಾಕಬೇಕಲ್ಲ. ಕಟ್ಟು ಹಾಕಿಸಿದ ಫೋಟೊವನ್ನು ಫೋಟೊದವರೇ ತಂದರು. ಮೊಳೆ ಹೊಡೆಯುವ ಮುಂಚೆ ನನ್ನನ್ನು ಜಗಲಿಗೆ ಕರೆದು, ಹಿಂದಿನ ಹಲಗೆ ಸರಿಸಿ, ಗಾಜಿನ ಅಂಚಿನ ಕಪ್ಪನ್ನು ತೋರಿಸಿದರು. ಎಷ್ಟು ಕೆರೆದರೂ ಆ ಅಂಚು ಬಿಟ್ಟಿರಲಿಲ್ಲ. ಅದರಿಂದಲೇ ಯಾವ ಪ್ಲೇಟೆಂದು ಗುರುತು ಹಿಡಿದು, ಯಾರಿಗೂ ಕೊಡದೆ ಎತ್ತಿಟ್ಟಿದ್ದರು.

"ಮೋಳೆ, ಇದು ನಿನ್ನ ಅಮ್ಮನ ಗಾಜು. ನೀನು ಓದುವ ಕಡೆ ಇರ್ಲಿ ಅಂತ ತಂದೆ. ನನ್ನಿಂದ ಇಷ್ಟೇ ಆಗುದು."

ನಾನು ಕ್ಲಾಸಿಗೆ ಹೋಗಿ ಕೂತೆ. ಅವರು ಜಗಲಿಯಲ್ಲಿ ಸ್ವಲ್ಪ ಹೊತ್ತು ಕಾದರು, ಆಮೇಲೆ ಮೊಳೆಯ ಸದ್ದು ಕೇಳಿತು. ಮೂರು ವರ್ಷ ಆ ಗಾಜಿನ ಕೆಳಗೆ ಓದಿದೆ. ಟೀಚರಾದೆ. ಮೂರ್ನಾಡಿನಲ್ಲಿ ಬಸ್ಸಿಳಿದಾಗಲೆಲ್ಲ ಸ್ಟುಡಿಯೊದ ಕಡೆ ನೋಡದೆ ನಡೆದೆ. ಅವರು ಬಾಗಿಲಲ್ಲಿ ನಿಂತದ್ದು ಕಣ್ಣಂಚಿಗೆ ಕಾಣುತ್ತಿತ್ತು... ಒಂದು ವರ್ಷ ನೋಡಿದರೆ ಅಲ್ಲಿ ಹೊಲಿಗೆ ಅಂಗಡಿ ಬಂದಿತ್ತು. ಫೋಟೊದವರು ಕಣ್ಣು ಮಂಜಾಗಿ ತಮ್ಮ ಊರಿಗೆ ಹೋದರು, ಅಲ್ಲೇ ತೀರಿಕೊಂಡರು ಎಂದು ಜವಳಿ ಅಂಗಡಿಯವರು ಹೇಳಿದರು. ಅವರು ಕಳಿಸಿದ ಫೋಟೊದಿಂದಲೇ ನಾನು ಓದಿದೆ ಎಂದು ಒಂದು ದಿನ ಅಂಗಡಿಯ ಮೆಟ್ಟಿಲು ಹತ್ತಿ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಈಗ ನನ್ನ ಮೊಮ್ಮಗಳು ಅದೇ ಹೈಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು. ಮಕ್ಕಳು ಕಡಿಮೆಯಾದರು, ಮುಚ್ಚುತ್ತಾರೆ ಎಂಬ ಮಾತಿದೆ. ಮುಚ್ಚಬೇಡಿ ಎಂದು ಕೇಳಲು ಅವಳ ಕ್ಲಾಸಿನವರು ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ವಿಡಿಯೊ ಮಾಡುತ್ತಿದ್ದಾರೆ. ನಿನ್ನೆ ನನ್ನ ಸರದಿ. ರೇಷ್ಮೆ ಸೀರೆ ಉಡಿ ಅಜ್ಜಿ ಎಂದಳು, ನಾನು ದಿನದ್ದನ್ನೇ ಉಟ್ಟೆ. ಟ್ಯೂಬ್‌ಲೈಟ್ ಹಾಕಿ ಗೋಡೆಗೆ ಒರಗಿಸಿದಳು. ಲೈಟ್ ಆರಿಸಿ, ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದೆ. ಫೋನನ್ನು ನನ್ನ ಕಣ್ಣಿನ ಮಟ್ಟಕ್ಕೆ ಇಡಿಸಿದೆ. ಅವಳ ಗೆಳತಿಯ ಕೈಗೆ ಬಿಳಿ ಬೆಡ್‌ಶೀಟು ಕೊಟ್ಟು ಎದುರಿಗೆ ನಿಲ್ಲಿಸಿದೆ.

"ಇದೆಲ್ಲ ನಿಮ್ಗೆ ಯಾರು ಹೇಳ್ಕೊಟ್ರು ಅಜ್ಜಿ?" ಎಂದು ಕೇಳಿದಳು. ಫೋನು ಆಗಲೇ ಓಡುತ್ತಿತ್ತು.

ಮೂರ್ನಾಡಿನ ಫೋಟೊದವರು ಎಂದೆ. ಅವರಿಂದಲೇ ಈ ಹೈಸ್ಕೂಲು ಬಂತು, ಅವರಿಂದಲೇ ನಾನು ಓದಿದೆ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ನಿಲ್ಲಿಸಲು ಕೈ ಚಾಚಿದಳು. ಬೇಡ, ಇರಲಿ ಎಂದು ಸನ್ನೆ ಮಾಡಿದೆ. ಎದುರಿಗೆ ಬೆಡ್‌ಶೀಟು ಹಿಡಿದಿದ್ದ ಹುಡುಗಿಯ ತೋಳು ನಡುಗುತ್ತಿತ್ತು. ಅವ್ವನ ಮುಖ ಈಗ ನನಗೆ ಸರಿಯಾಗಿ ನೆನಪಾಗುವುದಿಲ್ಲ. ನನ್ನ ತೋಳು ನೋಯುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ.

ಆಮೇಲೆ ಮೊಮ್ಮಗಳು ಮೇಜಿನ ಮೇಲಿದ್ದ ಗಾಜನ್ನು ಎತ್ತಿ ಕಿಟಕಿಗೆ ಹಿಡಿದಳು. ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿ, ಇದರಲ್ಲಿ ಎಂತ ಉಂಟು ಎಂದಳು.

ಕಿಟಕಿ ಎಂದೆ. ಅವ್ವ ಅದರ ಪಕ್ಕದಲ್ಲೇ ಕೂತಿದ್ದಳು.