ಗದ್ರೆಯವರು ನಪಾಸು ಮಾಡಿದ ಗಾಜುಗಳು

ಪುಣೆಯ ಸದಾಶಿವ ಪೇಠೆಯಲ್ಲಿ ಮೋರೇಶ್ವರ ಗದ್ರೆಯವರಿಂದ ಒಂದು ಒಳ್ಳೆಯ ಮಾತು ಕೇಳಿದವರು ಯಾರೂ ಇರಲಿಲ್ಲ. ಅವರ ಹೆಂಡತಿಯೂ ಕೇಳಿರಲಿಲ್ಲವಂತೆ. ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಬಿಡಿಭಾಗಗಳ ಅಳತೆ ತಪಾಸಣೆ ಮಾಡಿ, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದ್ದಕ್ಕೇ ಸಂಬಳ ತಿಂದ ಮಹಾನುಭಾವರು. ನಿವೃತ್ತಿಯಾದ ಮೇಲೆ ಆ ಚಟ ಎಲ್ಲಿಗೆ ಹೋಗಬೇಕು? ದುರ್ಬೀನು ಮಂಡಳಿಗೆ ಬಂದು ವಕ್ಕರಿಸಿತು.

ಮಂಡಳಿಯವರು ಭಾನುವಾರ ಬೆಳಿಗ್ಗೆ ಶಾಲೆಯೊಂದರ ಜಗಲಿಯಲ್ಲಿ ಸೇರಿ ದುರ್ಬೀನಿಗೆ ಬೇಕಾದ ಕನ್ನಡಿಗಳನ್ನು ಕೈಯಾರೆ ಉಜ್ಜುತ್ತಿದ್ದರು. ಖಾಲಿ ಪೀಪಾಯಿಯ ಮೇಲೆ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು ಬಿಲ್ಲೆ, ನಡುವೆ ಮರಳುಪುಡಿ. ಆರು ಸಲ ಉಜ್ಜಿ ಒಂದು ಹೆಜ್ಜೆ ಸರಿಯಬೇಕು, ಹೀಗೆ ತಿಂಗಳುಗಟ್ಟಲೆ ಪೀಪಾಯಿ ಸುತ್ತಬೇಕು. ಸೋಮಾರಿತನ ಮಾಡಿ ಒಂದೇ ಕಡೆ ನಿಂತು ಉಜ್ಜಿದರೆ ಗಾಜು ಒಂದು ದಿಕ್ಕಿಗೆ ಹೆಚ್ಚು ಸವೆದು, ಅದರಲ್ಲಿ ನಕ್ಷತ್ರ ದುಂಡಗೆ ಕಾಣದೆ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ಈ ದೋಷವನ್ನು ಮಂಡಳಿಯವರು ‘ತತ್ತಿ’ ಎಂದಷ್ಟೇ ಕರೆಯುತ್ತಿದ್ದರು. ತತ್ತಿ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಗದ್ರೆ, ಅವರು ಕಣ್ಣಿಟ್ಟ ಮೇಲೆ ಇನ್ನೊಬ್ಬರು ಕಣ್ಣಿಡುವಂತಿರಲಿಲ್ಲ.

ಮೂರು ವರ್ಷದಿಂದ ಒಂದೇ ಒಂದು ಗಾಜೂ ಪಾಸಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದೇನೋ ಎಡವಟ್ಟಾಗಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಗದ್ರೆಯವರಿಗೆ ಮಾತ್ರ ಅದೇ ಹೆಮ್ಮೆ. “ಈಗಿನವರ ಕೈ ಎಲ್ಲಾ ಬೆಣ್ಣಿ ರೀ. ಚಪ್ಪಾಳಿ ತಟ್ಟಲಿಕ್ಕೆ ಅಷ್ಟ ಲಾಯಕ್ಕು,” ಎನ್ನುತ್ತ, ಸುದ್ದಿಪತ್ರಿಕೆಯನ್ನು ಒಂದು ಮೊಳ ದೂರ ಹಿಡಿದು ಓದುತ್ತಿದ್ದರು. ಅರವತ್ತೆಂಟಾದರೂ ಕನ್ನಡಕ ಹಾಕಿಸಿಕೊಂಡ ಆಸಾಮಿಯಲ್ಲ.

ಆ ಭಾನುವಾರ ಇಂದುಮತಿ ಪಾನ್ಸೆ ತಮ್ಮ ಗಾಜನ್ನು ಮೂರನೇ ಸಲ ತಂದರು. ನಾರಾಯಣ ಪೇಠೆಯಲ್ಲಿ ಜಂಪರು ಹೊಲಿಯುವ ಹೆಂಗಸು, ಒಂಬತ್ತು ತಿಂಗಳು ಪೀಪಾಯಿ ಸುತ್ತಿದ್ದರು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತು ಆಗಲೇ ಹತ್ತಿರ ಬಂದಿತ್ತು. ಗಾಜಿಗೆ ಬೆಳ್ಳಗೆ ಲೇಪ ಹಾಕುವ ಮುಂಬಯಿಯವನು ನಾಳೆ ಸಂಜೆ ಅಂಗಡಿ ಮುಚ್ಚಿ ಎರಡು ತಿಂಗಳು ಊರಿಗೆ ಹೋಗುವವನಿದ್ದ, ಗದ್ರೆಯವರ ಸಹಿಯಿಲ್ಲದ ಗಾಜನ್ನು ಅವನು ಮುಟ್ಟುತ್ತಿರಲಿಲ್ಲ. ಇವತ್ತು ಸಹಿ ಬೀಳದಿದ್ದರೆ ಸ್ವಂತ ದುರ್ಬೀನಿನಲ್ಲಿ ಧೂಮಕೇತು ನೋಡುವ ಆಸೆಗೆ ಎಳ್ಳುನೀರು.

“ಬಂದ್ರ್ಯಾ ಇಂದುಮತಿಬಾಯಿ? ಜಂಪರಿಗೆ ಗುಂಡಿ ಹಚ್ಚಿದಂಗಲ್ಲ ಇದು,” ಎಂದರು ಗದ್ರೆ.

“ಗುಂಡಿ ಸೊಟ್ಟ ಹಚ್ಚಿದ್ರೂ ನಮ್ಮ ಗಿರಾಕಿ ಬಿಡೂದಿಲ್ರೀ. ನೋಡ್ರಿ ಮೊದಲ.”

ಹಗಲಿನಲ್ಲಿ ನಕ್ಷತ್ರವೆಲ್ಲಿ? ಎದುರಿನ ನೀರಿನ ಟಾಕಿಯ ಮೇಲೆ ಸೈಕಲ್ಲಿನ ಉಕ್ಕಿನ ಗುಂಡೊಂದನ್ನು ಅಂಟಿಸಿದ್ದರು. ಬಿಸಿಲಿಗೆ ಅದು ಚುಕ್ಕಿಯಂತೆ ಹೊಳೆಯುತ್ತಿತ್ತು. ಅದನ್ನು ಒರೆಸಿ ಸರಿಪಡಿಸಲು ಅಂಚೆ ಕಚೇರಿಯ ಗುಮಾಸ್ತ ಧೋಂಡೋಪಂತ ದಾಮ್ಲೆ ಏಣಿ ಹತ್ತಿದ್ದರು.

ಇಂದುಮತಿ ತಮ್ಮ ಗಾಜನ್ನು ಮಂಡಳಿಯ ಕೊಳವೆಯ ತಳದಲ್ಲಿ ಕೂಡಿಸಿದರು. ಗದ್ರೆ ಕಣ್ಣಿಡುವ ಕಡೆಗೆ ದಪ್ಪ ಮಸೂರವನ್ನೇ ಹಾಕಿಸಿದರು. ಸಣ್ಣದು ಕಣ್ಣಿಗೆ ಆಯಾಸವೆಂದು ಮೂರು ವರ್ಷದಿಂದ ಇದೇ. ಒಂದು ಕ್ಷಣ ನೋಡಿ ಮೂಗು ಮುರಿದರು. “ಎಡಕ್ಕ ವಾಲಿದ ತತ್ತಿ. ಒಯ್ದು ಉಪ್ಪಿನಕಾಯಿ ಭರಣಿಗೆ ಮುಚ್ಚರಿ.”

ಇಂದುಮತಿ ಕದಲಲಿಲ್ಲ. “ಹೋದ ಸಲಾನೂ ಎಡಕ್ಕ ವಾಲಿತ್ತು, ಅದರ ಹಿಂದಿನ ಸಲಾನೂ ಎಡಕ್ಕ. ಹೋದ ಸಲಾನ ಅಂಚಿಗೆ ಬಟ್ಟಿ ಮ್ಯಾಲೆ ಗೆರಿ ಹಾಕೋ ಸುಣ್ಣದಿಂದ ಗುರುತು ಹಾಕಿದ್ದೆ, ಈ ಸಲ ಗಾಜನ್ನ ಕಾಲು ಸುತ್ತು ತಿರುಗಿಸಿ ಕೂಡ್ಸೀನಿ. ತಪ್ಪು ಗಾಜಿನದಾದ್ರ ತತ್ತಿನೂ ತಿರುಗಬೇಕಲ್ರೀ?”

ತಿರುಗಿಸಿ ನೋಡಬೇಕೆಂದು ಮಂಡಳಿಗೆ ಕಲಿಸಿದವರೇ ಗದ್ರೆ. ನನ್ನ ಕಣ್ಣಿಗೆ ಅದೆಲ್ಲ ಯಾಕೆ ಎಂದು ಬಿಟ್ಟವರೂ ಅವರೇ. “ಹಂಗಾರ ಮಸೂರದ್ದು,” ಎಂದು ಅದನ್ನೂ ತಿರುಗಿಸಿದರು. ತತ್ತಿ ಜಪ್ಪಯ್ಯ ಎಂದರೂ ತಿರುಗಲಿಲ್ಲ.

“ಇನ್ನ ಉಳಿದಿದ್ದು ಒಂದ. ಸ್ವಲ್ಪ ತಲಿ ವಾಲಿಸಿ ನೋಡ್ರಿ, ಕಾಕಾ.”

ಗದ್ರೆ ಸಿಡುಕುತ್ತಲೇ ತಲೆ ಬಲಕ್ಕೆ ವಾಲಿಸಿದರು. ತತ್ತಿಯೂ ಬಲಕ್ಕೆ ವಾಲಿತು. ಎಡಕ್ಕೆ ವಾಲಿಸಿದರೆ ಅದೂ ಎಡಕ್ಕೆ. ನಾಲ್ಕು ಸಲ, ಐದು ಸಲ, ಹಾಲಿಗೆ ಬಂದ ಬೆಕ್ಕಿನ ಹಾಗೆ ಕತ್ತು ಆಡಿಸಿದರು. ದೋಷ ಗಾಜಿನಲ್ಲಿರಲಿಲ್ಲ, ಕನ್ನಡಕ ಕಾಣದ ಅವರ ಕಣ್ಣಿನಲ್ಲಿತ್ತು. ಗದ್ರೆಯವರಿಗೆ ಅಯ್ಯೋ ಎನ್ನಿಸಿತು, ನಾಚಿಕೆಯಾಯಿತು.

ಕಣ್ಣಿನ ನಟ್ಟನಡುವಿನಿಂದಷ್ಟೇ ಬೆಳಕು ಹಾಯಿಸಿ ಕಣ್ಣಿನ ಸೊಟ್ಟ ತೋರಗೊಡದ ಸಣ್ಣ ಮಸೂರ ಹಾಕಿ ಮತ್ತೆ ನೋಡಿದರು. ಮಸೂರವನ್ನು ಹಿಂದೆ ಮುಂದೆ ಸರಿಸಿದಂತೆ ಚುಕ್ಕಿ ಹಿಗ್ಗಿ ದುಂಡಗಾಯಿತು, ಕುಗ್ಗಿ ಮತ್ತೆ ದುಂಡಗೇ ಹಿಗ್ಗಿತು. ತೀರ್ಪು ಬರೆದಿಡುವ ಮಂಡಳಿಯ ವಹಿ ತರಿಸಿ, ಇಂದುಮತಿಯ ಹೆಸರಿನ ಮುಂದೆ ಸಹಿ ಹಾಕಿದರು. ಆ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ ಅವರದೇ ಅಕ್ಷರದಲ್ಲಿ ನಪಾಸು, ನಪಾಸು, ನಪಾಸು.

ಅಷ್ಟರಲ್ಲಿ ದಾಮ್ಲೆ ಏಣಿಯಿಂದ ಇಳಿದು ಬಂದು ನಿಂತಿದ್ದರು. ಆ ಹೆಸರುಗಳಲ್ಲಿ ಮೊದಲನೆಯದು ಅವರದು. ಆಮೇಲೆ ಅವರು ಗಾಜು ಮುಟ್ಟಿರಲಿಲ್ಲ, ಏಣಿ ಹತ್ತುವ ಕೆಲಸಕ್ಕೇ ಉಳಿದಿದ್ದರು.

“ಹಂಗಾರ ನಂದೂ ಛೊಲೋ ಇತ್ತೇನ್ರೀ?”

“ತೊಗೊಂಡ ಬರ್ರಿ ದಾಮ್ಲೆ. ಈಗಿಂದೀಗ ಹೋಗಿ ತೊಗೊಂಡ ಬರ್ರಿ,” ಗದ್ರೆಯವರ ದನಿ ಬೇಡುವಂತಿತ್ತು.

“ಏನು ತರೂದ್ರಿ. ಮೂರು ವರ್ಷದಿಂದ ಅದರ ಮ್ಯಾಲೆ ನಮ್ಮನಿಯಾಕಿ ಚಪಾತಿ ಲಟ್ಟಸ್ತಾಳ. ಮೈತುಂಬ ಗೀರು.”

ಗೀರುಬಿದ್ದ ಗಾಜು ಹಿಂದೆ ಹೇಗಿತ್ತೆಂದು ಯಾವ ಮಸೂರವೂ ಹೇಳಲಾರದು. ಒಳ್ಳೆಯ ಮಾತೊಂದನ್ನು ಹೇಳಲು ಗದ್ರೆ ಬಾಯಿ ತೆರೆದರು, ಅಭ್ಯಾಸವಿಲ್ಲದ್ದಕ್ಕೆ ಏನೂ ಹೊರಡಲಿಲ್ಲ.

“ಇರಲಿ ಬಿಡ್ರಿ,” ಎಂದರು ದಾಮ್ಲೆ ಏಣಿ ಎತ್ತಿಕೊಳ್ಳುತ್ತ. “ಚಪಾತಿ ಅಂತೂ ಭಾಳ ದುಂಡಗ ಬರ್ತಾವ.”