ಗೋಮಾಳದಲ್ಲಿ ನಾನು ತೋರಿಸಿದ ಜಾಗ

ಊರಿನ ಹೊಸ ವಸತಿಗಾಗಿ ಕರಡು ನಕ್ಷೆ ಸಿದ್ಧವಾಗಿದೆ, ಆಕ್ಷೇಪಣೆ ಇದ್ದವರು ಪುರಸಭೆಗೆ ಬರೆದು ಕೊಡಬೇಕು ಎಂದು ಆಟೋಗೆ ಮೈಕು ಕಟ್ಟಿಕೊಂಡು ಸಾರುತ್ತಾ ಹೋದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಮಿಡಿಗೇಶಿ ರಸ್ತೆಯ ಗೋಮಾಳ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಕೈ ನಿಂತಿತು. ನನಗೆ ಹಾಗೆ ನೆನಪು. ನನ್ನ ಅವತ್ತಿನ ಡೈರಿಯಲ್ಲಿ ಅವರೆಕಾಯಿಯ ಸುದ್ದಿ ಇಲ್ಲ. ಅದು ಅವರೆಯ ಕಾಲವೂ ಆಗಿರಲಿಲ್ಲವೇನೋ.

"ಅಲ್ಲೇ ಅಲ್ವೇನಪ್ಪಾ, ನಿಮ್ಮಪ್ಪ ಮಗೀನ ಮಣ್ಣು ಮಾಡಿದ್ದು?" ಎಂದಳು. ಈ ಮಾತು ಮಾತ್ರ ಡೈರಿಯಲ್ಲಿದೆ.

ನನಗೊಬ್ಬಳು ತಂಗಿ ಹುಟ್ಟಿದ್ದಳು. ಒಂಬತ್ತನೆಯ ದಿನ ತೀರಿಕೊಂಡಳು. ಹೆಸರಿಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ನಮ್ಮಲ್ಲಿ ಅಷ್ಟು ಚಿಕ್ಕ ಕೂಸುಗಳಿಗೆ ತಿಥಿಯಿಲ್ಲ, ಸಮಾಧಿಯ ಕಲ್ಲಿಲ್ಲ. ದನ ಮೇಯುವ ಗೋಮಾಳದಲ್ಲಿ ಗುಂಡಿ ತೆಗೆದು ಮಲಗಿಸಿ, ನಾಯಿ ನರಿ ಕೆದಕದಂತೆ ಜಾಲಿಮುಳ್ಳು ಹೇರಿ ಬಂದುಬಿಡುತ್ತಾರೆ. ಹೆತ್ತವಳನ್ನು ಕರೆದೊಯ್ಯುವುದಿಲ್ಲ. ಅಪ್ಪ ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದ. ಚಿಕ್ಕಪ್ಪನ ಕೈಯಲ್ಲಿ ಗುದ್ದಲಿ ಇತ್ತು. ಆರು ವರ್ಷದ ನಾನು ನೀರಿನ ಚೊಂಬು ಹಿಡಿದು ಹಿಂದೆ ನಡೆದೆ. ಎಲ್ಲಿ ಎಂದು ಅವ್ವ ಅಪ್ಪನನ್ನು ಒಮ್ಮೆಯೂ ಕೇಳಲಿಲ್ಲವಂತೆ. ಕೇಳಿದರೆ ಮುಂದಿನ ಕೂಸಿಗೆ ಒಳ್ಳೆಯದಲ್ಲ ಎಂದು ಅಜ್ಜಿ ಹೇಳಿದ್ದರಂತೆ. ಮುಂದೆ ಕೂಸೇ ಆಗಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಈಗಿಲ್ಲ. ಆ ಜಾಗ ಕಂಡವರಲ್ಲಿ ಉಳಿದಿರುವವನು ನಾನೊಬ್ಬನೇ.

"ಮನೆ ಕಟ್ಟಬ್ಯಾಡಿ ಅನ್ನಲ್ಲ ನಾನು," ಎಂದಳು ಅವ್ವ. "ಆ ಒಂದು ಮಾರು ಜಾಗ ಬುಟ್ಟು ಕಟ್ಕಳ್ಳಿ ಅಂತ ಬರ್ದು ಕೊಡು. ಅದರ ಮ್ಯಾಲೆ ಯಾರ್ದೋ ಬಚ್ಚಲು ಬರಬಾರ್ದು ಕಣಪ್ಪ."

ಬರೆದು ಕೊಟ್ಟೆ. ಸಭೆಗೆ ಅವ್ವನೂ ಬಂದಳು. ಗೋಡೆಗೆ ನಕ್ಷೆ ಅಂಟಿಸಿದ್ದರು. ಮನೆಗಳು ಬರುವ ಕಡೆಯೆಲ್ಲ ಹಳದಿ. ಗೋಮಾಳ ಒಂದಿಷ್ಟೂ ಬಿಡದೆ ಹಳದಿ. ಮನೆಯಿಲ್ಲದವರಿಗೆ ಅಲ್ಲಿ ನಿವೇಶನ ಕೊಡುತ್ತಾರಂತೆ. ನನ್ನ ಅರ್ಜಿ ಓದಿದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಗಲಿಲ್ಲ. "ಸರ್, ಅಂದಾಜಲ್ಲಿ ಬಿಡೋಕಾಗಲ್ಲ. ಜಾಗ ತೋರಿಸಿ, ಸರ್ವೆಯರ್ ಅಳೀತಾರೆ. ಅಷ್ಟಕ್ಕೆ ಹಸಿರು ಹಾಕಿ ಖಾಲಿ ಬಿಡ್ತೀವಿ," ಎಂದರು.

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಅರ್ಜಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹುಣಸೆ ಮಂಡಿಯಲ್ಲಿ ಹಣ್ಣು ಬಡಿದು ಬೀಜ ತೆಗೆಯುವ ಕೂಲಿಯವಳು ಎಂದು ಆಮೇಲೆ ತಿಳಿಯಿತು. "ಸತ್ತೋರ್ಗೂ ಸೈಟು ಕೇಳ್ತಾವ್ರೆ ನೋಡ್ರಮ್ಮ," ಎಂದಳು. "ಬದುಕಿರೋರು ಅರ್ಜಿ ಹಾಕಿ ಹಾಕೀ ಮುದುಕ್ರಾದ್ವಿ."

ಜನ ನಕ್ಕರು. ಅವ್ವ ತಿರುಗಿ ನೋಡಿದಳು. ಆಕೆ ಮುಂದಕ್ಕೆ ಬಾಗಿ, "ಎಷ್ಟು ದಿನದ್ದು ಕಣಮ್ಮ?" ಎಂದು ಕೇಳಿದಳು.

"ಒಂಬತ್ತು."

"ನಮ್ಮತ್ತೇವೂ ಎಲ್ಡು ಕೂಸು ಅಲ್ಲೇ ಅವೆ. ಯಾವ ಮೂಲೇಲೋ." ಹಾಗೆಂದು ಪಕ್ಕಕ್ಕೆ ಸರಿದು ಅವ್ವನಿಗೆ ಜಾಗ ಕೊಟ್ಟಳು.

ಮರುವಾರ ಸರ್ವೆಯರ್ ಜೊತೆ ಹೋದೆವು. ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು: ದುಂಡು ಬಂಡೆ, ಅದರ ಎಡಕ್ಕೆ ಹುಣಸೆಮರ, ಮರದಿಂದ ನಾಲ್ಕು ಹೆಜ್ಜೆ. ಅಲ್ಲಿ ಬಂಡೆ ಇತ್ತು. ಮರವಿರಲಿಲ್ಲ, ಒಂದು ಕೊರಡು ಇತ್ತು, ಯಾವ ಮರದ್ದೋ. ಸರ್ವೆಯರ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಾಯುತ್ತಿದ್ದ. ಅವ್ವ ನೆಲವನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಕೊರಡಿನಿಂದ ನಾಲ್ಕು ಹೆಜ್ಜೆ ನಡೆದು, "ಇಲ್ಲೇ," ಎಂದೆ. ಆತ ಗೂಟ ಹೊಡೆದು ಕೆಂಪು ಬಣ್ಣ ಬಳಿದ.

ಅವ್ವ ಕೂತಳು. "ತಲೆ ಯಾವ ಕಡೀಕೆ ಮಡಗಿದ್ರು?"

"ದಕ್ಷಿಣಕ್ಕೆ," ಎಂದೆ. ನೋಡಿದ ನೆನಪಿನಿಂದ ಹೇಳಿದ್ದಲ್ಲ. ಎಲ್ಲರನ್ನೂ ಹಾಗೇ ಮಲಗಿಸುತ್ತಾರೆ.

ಅಲ್ಲಿಂದ ಪ್ರತಿ ಸೋಮವಾರ ಅವ್ವ ಒಂದು ಲೋಟ ಹಸಿ ಹಾಲು ತೆಗೆದುಕೊಂಡು ಹೋಗಿ ಆ ಗೂಟದ ಬುಡಕ್ಕೆ ಎರೆದು ಬರತೊಡಗಿದಳು. ಬಂದವಳು ಮಾತಾಡುತ್ತಿದ್ದಳು. ಕೂಸಿನ ಮೂಗು ಅಪ್ಪನದೇ ಆಗಿತ್ತಂತೆ. ಎಡಗಿವಿ ಸ್ವಲ್ಪ ಮಡಚಿಕೊಂಡಿತ್ತಂತೆ, ದೊಡ್ಡವಳಾದರೆ ಕೂದಲಲ್ಲಿ ಮುಚ್ಚಿಹೋಗುತ್ತೆ ಎಂದು ಸೂಲಗಿತ್ತಿ ಹೇಳಿದ್ದಳಂತೆ. ಇಷ್ಟು ವರ್ಷದಲ್ಲಿ ಇದೊಂದನ್ನೂ ನಾನು ಕೇಳಿರಲಿಲ್ಲ.

ಆಮೇಲೆ ನಾನು ಹಳೆಯ ಡೈರಿಗಳನ್ನು ತೆಗೆದೆ. ಯಾಕೆ ತೆಗೆದೆ? ಖಚಿತ ಮಾಡಿಕೊಳ್ಳಲು ಎಂದು ಅಂದುಕೊಂಡಿದ್ದೆ. ಎಂ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ಬರೆದ ಒಂದು ಪುಟ ಸಿಕ್ಕಿತು: "ತಂಗಿಯನ್ನು ಮಲಗಿಸಿದ್ದು ಹೊಂಗೆಮರದ ಕೆಳಗೆ, ಬಂಡೆಯ ಬಲಕ್ಕೆ, ಹಳ್ಳದ ಹತ್ತಿರ." ನನ್ನದೇ ಅಕ್ಷರ. ಹುಣಸೆ ಇಲ್ಲ, ಎಡವಿಲ್ಲ. ನಾನು ತೋರಿಸಿದ ಕಡೆ ಹಳ್ಳವೇ ಇಲ್ಲ. ಆ ಪುಟವನ್ನಾದರೂ ನಂಬುವುದು ಹೇಗೆ? ಅದನ್ನು ಬರೆದಾಗಲೇ ಹದಿನೈದು ವರ್ಷ ಕಳೆದಿತ್ತು. ಆದರೆ ಎರಡೂ ನಿಜವಾಗಿರಲು ಸಾಧ್ಯವಿರಲಿಲ್ಲ.

ಜಾಗವನ್ನು ಕಣ್ಣಾರೆ ಕಂಡಿದ್ದೇನೆ ಎಂದು ಅರ್ಜಿಯಲ್ಲಿ ಸಹಿ ಹಾಕಿ ಕೊಟ್ಟಿದ್ದೆ. ನಾಲ್ಕು ದಿನ ಅದೇ ಯೋಚನೆ. ಐದನೆಯ ದಿನ ಪುರಸಭೆಗೆ ಇನ್ನೊಂದು ಪತ್ರ ಕೊಟ್ಟೆ: ಜಾಗದ ಬಗ್ಗೆ ನನ್ನ ನೆನಪು ಖಚಿತವಲ್ಲ, ಇಡೀ ಗೋಮಾಳದಲ್ಲಿ ಎಲ್ಲಿಯಾದರೂ ಇರಬಹುದು.

ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. "ಯಾಕೆ ಸರ್? ಯಾರೂ ಕೇಳಿರ್ಲಿಲ್ವಲ್ಲ." ಆಮೇಲೆ ಪತ್ರ ಮಡಚುತ್ತಾ, "ಹಿಂಗೆ ಬರೆದು ಕೊಟ್ರೆ ನಾನು ಹಸಿರು ಉಳಿಸೋಕಾಗಲ್ಲ," ಎಂದರು. ಅವರ ದನಿಯಲ್ಲಿ ಬೇಸರವಿತ್ತು.

ಹುಣಸೆ ಬಡಿಯುವವಳ ಮುಖ ಕಣ್ಣ ಮುಂದೆ ಬಂತು, ಅವಳಿಗೆ ಸಲ್ಲಬೇಕಾದ ನೆಲವನ್ನು ಸುಳ್ಳು ಹೇಳಿ ಹಿಡಿದಿಡುವುದು ಸರಿಯಲ್ಲ ಅನ್ನಿಸಿತು ಎಂದು ಅವತ್ತಿನ ಡೈರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ ನಂಬಿಕೆ ಬರುವುದಿಲ್ಲ. ಒಂದು ಮಾರು ಜಾಗದಿಂದ ಯಾರ ನಿವೇಶನವೂ ತಪ್ಪುತ್ತಿರಲಿಲ್ಲ. ನನಗೆ ನನ್ನ ಎದೆಯ ಭಾರ ಇಳಿಸಿಕೊಳ್ಳಬೇಕಿತ್ತು, ಅಷ್ಟೇ ಇರಬೇಕು.

ಸಂಜೆ ಅವ್ವನಿಗೆ ಹೇಳಿದೆ. ಡೈರಿಯ ಪುಟವನ್ನೂ ಓದಿದೆ, ಸಾಕ್ಷಿ ಒಪ್ಪಿಸುವವನ ಹಾಗೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ನಾನು ಹಾಲೆರೆದಿದ್ದು?"

ನಾನು ಡೈರಿ ಮುಚ್ಚಿದೆ.

"ಹೇಳ್ದೆ ಇದ್ದಿದ್ರೆ ನಿಂಗೇನಾಗ್ತಿತ್ತಪ್ಪಾ?" ಎಂದಳು. ಬೈಗುಳವಾಗಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

ಅಂತಿಮ ನಕ್ಷೆ ಬಂತು. ಗೋಮಾಳವೆಲ್ಲ ಹಳದಿಯೇ. ಹುಣಸೆ ಬಡಿಯುವವಳಿಗೆ ಅಲ್ಲಿ ನಿವೇಶನ ಸಿಕ್ಕಿತೋ ಇಲ್ಲವೋ ತಿಳಿಯದು. ವಿಚಾರಿಸುವ ಧೈರ್ಯ ಬರಲಿಲ್ಲ.

ಅವ್ವನಿಗೆ ಹೇಳಿದ ಮೇಲೆ ಬಂದ ಮೊದಲ ಸೋಮವಾರ ಅವಳು ಎಂದಿನಂತೆ ಲೋಟಕ್ಕೆ ಹಾಲು ಬಗ್ಗಿಸಿದಳು. ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಲೋಟ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಳು. ಎಷ್ಟು ಹೊತ್ತು ನಿಂತಳೋ ಹೇಳಲಾರೆ. ನನಗೆ ಬಹಳ ಹೊತ್ತು ಅನ್ನಿಸಿತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅದೇ ಹಾಲು ಕಾಸಿ ನನಗೆ ಕಾಫಿ ಮಾಡಿಕೊಟ್ಟಳು. ಕುಡಿದೆ.